ಎಕ್ಸೆಲ್‌ನಲ್ಲಿ ರೈತರ ಪಟ್ಟಿ: ಒಂದು ಸೆಲ್ ಒಡೆಯುವುದು, ಊರಿನಿಂದ ಊರಿಗೆ ಲಿಂಕ್ ಕಟ್ಟುವುದು

ಹಳೆಯ ರಿಜಿಸ್ಟರ್‌ನಿಂದ ಟೈಪ್ ಮಾಡಿಸಿದ ಪಟ್ಟಿಗಳು ಸಾಮಾನ್ಯವಾಗಿ ಹೀಗೆ ಬರುತ್ತವೆ: ಎ ಕಾಲಂನಲ್ಲಿ ಒಂದೇ ಸೆಲ್, ಅದರೊಳಗೆ “ಸಿದ್ದಪ್ಪ ಬಿನ್ ಮಲ್ಲಪ್ಪ, 12/3, ಹೊಸಹಳ್ಳಿ, 2-10”. ಹೆಸರು, ಸರ್ವೆ ನಂಬರ್, ಊರು, ಎಕರೆ-ಗುಂಟೆ ಎಲ್ಲ ಒಟ್ಟಿಗೆ. ವರ್ಡ್‌ನ ಟೇಬಲ್‌ನಲ್ಲಿ ಒಂದು ಸೆಲ್‌ಗೆ ನಡುವೆ ಗೆರೆ ಎಳೆದು ಎರಡು ಮಾಡಬಹುದು, ಎಕ್ಸೆಲ್‌ನಲ್ಲಿ ಅದಿಲ್ಲ. ಇಲ್ಲಿ ಒಡೆಯುವುದೆಂದರೆ ಒಳಗಿರುವುದನ್ನು ಪಕ್ಕದ ಕಾಲಂಗಳಿಗೆ ಹಂಚುವುದು. ಆದ್ದರಿಂದ ಬಲಗಡೆ ಎಷ್ಟು ಕಾಲಂ ಬೇಕೋ ಅಷ್ಟು ಖಾಲಿ ಇರಲಿ. ಇಲ್ಲದಿದ್ದರೆ ಅಲ್ಲಿರುವುದರ ಮೇಲೆ ಬರೆಯಲೇ ಎಂದು ಎಕ್ಸೆಲ್ ಕೇಳುತ್ತದೆ. ಓದದೆ ಸರಿ ಎಂದರೆ ಹಳೆಯದು ಹೋಯಿತು.

ಮೊದಲ ಕೆಲಸ, ಶೀಟ್‌ಗೆ “ಮೂಲ” ಎಂದು ಹೆಸರಿಟ್ಟು ಎ ಕಾಲಂ ಅನ್ನು ಇದ್ದ ಹಾಗೇ ಉಳಿಸುವುದು. ಒಡೆದ ಭಾಗಗಳು ಬಿ ಕಾಲಂನಿಂದ ಶುರುವಾಗಲಿ. ಆಮೇಲೆ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ “ಕಾಮಾ ಮತ್ತು ಸ್ಪೇಸ್” ಇರುವ ಕಡೆಯೆಲ್ಲ ಬರೀ ಕಾಮಾ ಮಾಡಿ. ಇದನ್ನು ಬಿಟ್ಟರೆ ಪ್ರತಿ ಊರಿನ ಹೆಸರಿನ ಮುಂದೆ ಕಾಣದ ಒಂದು ಸ್ಪೇಸ್ ಉಳಿದು, ಮುಂದೆ ಫಿಲ್ಟರ್ ಮತ್ತು ಲಿಂಕ್ ಎರಡೂ ಕೈಕೊಡುತ್ತವೆ.

ಈಗ ಎ2ರಿಂದ ಕೊನೆಯ ಸಾಲಿನವರೆಗೆ ಆರಿಸಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್. ಮೂರು ಹಂತ ಬರುತ್ತವೆ. ಮೊದಲನೆಯದರಲ್ಲಿ ಡಿಲಿಮಿಟೆಡ್. ಫಿಕ್ಸೆಡ್ ವಿಡ್ತ್ ಕನ್ನಡಕ್ಕೆ ಒಗ್ಗುವುದಿಲ್ಲ, ಏಕೆಂದರೆ ಎಕ್ಸೆಲ್ ಒತ್ತು, ಗುಣಿತದ ಚಿಹ್ನೆಗಳನ್ನೂ ಬೇರೆ ಬೇರೆ ಅಕ್ಷರಗಳೆಂದು ಎಣಿಸುತ್ತದೆ. “ಕೃಷ್ಣ” ನಮಗೆ ಎರಡಕ್ಷರ, ಅದಕ್ಕೆ ಐದು. ಎರಡನೆಯ ಹಂತದಲ್ಲಿ ಕಾಮಾಗೆ ಟಿಕ್ ಹಾಕಿ. ಪಕ್ಕಪಕ್ಕದ ಗುರುತುಗಳನ್ನು ಒಂದೆಂದು ಪರಿಗಣಿಸುವ ಟಿಕ್ ಮಾತ್ರ ತೆಗೆದಿಡಿ. ಸರ್ವೆ ನಂಬರ್ ಇಲ್ಲದ ಸಾಲಿನಲ್ಲಿ ಎರಡು ಕಾಮಾ ಒಟ್ಟಿಗೆ ಇರುತ್ತವೆ. ಅವನ್ನು ಒಂದು ಮಾಡಿದರೆ ಊರಿನ ಹೆಸರು ಎಡಕ್ಕೆ ಜರುಗಿ ಸರ್ವೆ ನಂಬರ್ ಕಾಲಂಗೆ ಬಂದು ಕೂರುತ್ತದೆ. ಸೆಲ್‌ನೊಳಗೆ ಆಲ್ಟ್ ಎಂಟರ್ ಒತ್ತಿ ಸಾಲು ಮುರಿದಿದ್ದರೆ ಅದರ್ ಎಂಬ ಚೌಕದಲ್ಲಿ ಕಂಟ್ರೋಲ್ ಜೆ ಒತ್ತಿ. ಏನೂ ಕಾಣಿಸದಿದ್ದರೂ ಕೆಲಸ ಆಗುತ್ತದೆ.

ಮೂರನೆಯ ಹಂತವನ್ನು ಜನ ನೋಡದೆ ಫಿನಿಶ್ ಒತ್ತುತ್ತಾರೆ, ಪಟ್ಟಿ ಕೆಡುವುದೂ ಅಲ್ಲೇ. ಜನರಲ್ ಎಂದು ಬಿಟ್ಟರೆ ಎಕ್ಸೆಲ್ 12/3 ಅನ್ನು ತಾರೀಖು ಎಂದುಕೊಂಡು 12 ಮಾರ್ಚ್ ಮಾಡುತ್ತದೆ, ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 3 ಡಿಸೆಂಬರ್. 2-10 ಎಂಬ ಎರಡೆಕರೆ ಹತ್ತು ಗುಂಟೆ 2 ಅಕ್ಟೋಬರ್ ಆಗುತ್ತದೆ. ಆಮೇಲೆ ಸೆಲ್ ಫಾರ್ಮ್ಯಾಟನ್ನು ಟೆಕ್ಸ್ಟ್‌ಗೆ ಬದಲಿಸಿದರೆ ಹಳೆಯದು ವಾಪಸ್ ಬರುವುದಿಲ್ಲ. 2025ರಲ್ಲಿ ಹಾಗೆ ಒಡೆದ 12/3 ನಿಮಗೆ 45728 ಎಂದು ಕಾಣುತ್ತದೆ, ಅದು 12 ಮಾರ್ಚ್ 2025ಕ್ಕೆ ಎಕ್ಸೆಲ್ ಒಳಗೆ ಇಟ್ಟುಕೊಂಡ ಕ್ರಮಸಂಖ್ಯೆ. ಇದರಲ್ಲಿ ಇನ್ನೊಂದು ಮೋಸವಿದೆ: 12/3ಎ ಎಂದು ಹಿಸ್ಸಾ ಅಕ್ಷರ ಇರುವ ಸಾಲುಗಳು ಹಾಗೇ ಉಳಿಯುತ್ತವೆ, ಹಾಗಾಗಿ ಮೇಲಿನ ನಾಲ್ಕು ಸಾಲು ನೋಡಿ ಸರಿ ಇದೆ ಎಂದುಕೊಳ್ಳುವ ಹಾಗಿಲ್ಲ. ಪರಿಹಾರ ಸುಲಭ. ಕೆಳಗಿನ ಮುನ್ನೋಟದಲ್ಲಿ ಮೊದಲ ಕಾಲಂ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯದನ್ನು ಕ್ಲಿಕ್ ಮಾಡಿ, ಎಲ್ಲಕ್ಕೂ ಟೆಕ್ಸ್ಟ್ ಆರಿಸಿ. ಡೆಸ್ಟಿನೇಶನ್‌ನಲ್ಲಿ ಬಿ2 ಕೊಡಿ.

ಈಗ ಬಿ ಹೆಸರು, ಸಿ ಸರ್ವೆ ನಂಬರ್, ಡಿ ಊರು, ಇ ವಿಸ್ತೀರ್ಣ. ಇ2ರಿಂದ ಕೆಳಗಿನದನ್ನು ಮತ್ತೊಮ್ಮೆ ಒಡೆಯಬೇಕು, ಈ ಸಲ ಅದರ್‌ನಲ್ಲಿ ಅಡ್ಡಗೆರೆ, ಡೆಸ್ಟಿನೇಶನ್ ಎಫ್2. ಇಲ್ಲಿ ಮಾತ್ರ ಜನರಲ್ ಇರಲಿ, ಎಕರೆ ಮತ್ತು ಗುಂಟೆ ನಿಜವಾದ ಸಂಖ್ಯೆಗಳಾಗಬೇಕು. ಟೆಕ್ಸ್ಟ್ ಆಗಿ ಕೂತ ಅಂಕಿಗಳನ್ನು ಸಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೆಕರೆ ಹತ್ತು ಗುಂಟೆಯನ್ನು 2.10 ಎಂದು ದಶಮಾಂಶದಲ್ಲಿ ಇಡುವವರಿದ್ದಾರೆ. ಅದು ಬೇಡ: ಕೊನೆಯ ಸೊನ್ನೆ ಉದುರಿ 2.1 ಆದಮೇಲೆ ಒಂದು ಗುಂಟೆಯೋ ಹತ್ತೋ ತಿಳಿಯದು, ಕೂಡಿದರಂತೂ 40 ಗುಂಟೆಗೆ ಎಕರೆ ಎಂಬ ಲೆಕ್ಕ ಪೂರ್ತಿ ತಪ್ಪುತ್ತದೆ.

ಹೆಸರಿನಿಂದ ತಂದೆ ಅಥವಾ ಗಂಡನ ಹೆಸರು ಬೇರೆ ಮಾಡಬೇಕಿದ್ದರೆ, ಅದರ್ ಚೌಕ ಒಂದೇ ಅಕ್ಷರ ಹಿಡಿಯುತ್ತದೆ, “ಬಿನ್” ಎಂದು ಕೊಡಲಾಗದು. ಬಿ ಕಾಲಂನ ನಕಲು ಮಾಡಿ, ನಕಲಿನಲ್ಲಿ ಎರಡೂ ಬದಿ ಸ್ಪೇಸ್ ಸಹಿತ “ ಬಿನ್ ” ಮತ್ತು “ ಕೋಂ ” ಇರುವಲ್ಲಿ | ಹಾಕಿ, ಅದರಿಂದ ಒಡೆಯಿರಿ. ಮೂಲ ಉಳಿಸಿಕೊಳ್ಳದಿದ್ದರೆ ಮಗನೋ ಹೆಂಡತಿಯೋ ಎಂಬ ಮಾಹಿತಿ ಅಳಿಸಿಹೋಗುತ್ತದೆ.

ಇನ್ನೂ ಒಂದು ವಿಚಿತ್ರ: ಇಷ್ಟಾದ ಮೇಲೆ ಬೇರೆಲ್ಲಿಂದಲೋ ಪಠ್ಯ ಪೇಸ್ಟ್ ಮಾಡಿದರೆ ಅದೂ ತಾನೇ ಒಡೆದುಕೊಳ್ಳುತ್ತದೆ. ಎಕ್ಸೆಲ್ ಕೊನೆಯ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ. ಪೂರ್ತಿ ಮುಚ್ಚಿ ತೆರೆದರೆ ಸರಿ.

ಪಟ್ಟಿಗೆ ದಿನವೂ ಸಾಲು ಸೇರುತ್ತಿದ್ದರೆ ಮೆನುವಿಗಿಂತ ಫಾರ್ಮುಲಾ ಮೇಲು. ಇಲ್ಲಿ ಕನ್ನಡದಲ್ಲಿ ಬರೆದ ಫಂಕ್ಷನ್ ಮತ್ತು ಸೆಲ್ ಹೆಸರುಗಳನ್ನು ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಶೀಟ್‌ಗಳ ಹೆಸರು ಮಾತ್ರ ಕನ್ನಡದಲ್ಲೇ ಇರಲಿ.

=ಟೆಕ್ಸ್ಟ್‌ಸ್ಪ್ಲಿಟ್(ಎ2,",")

ಇದು ಎಕ್ಸೆಲ್‌ನ 365 ಮತ್ತು 2024 ಆವೃತ್ತಿಗಳಲ್ಲಿ ಇದೆ, 2021 ಆವೃತ್ತಿಯಲ್ಲಿ ಇಲ್ಲ. ಫಲಿತಾಂಶ ಯಾವಾಗಲೂ ಟೆಕ್ಸ್ಟ್ ಆಗಿರುವುದರಿಂದ ಸರ್ವೆ ನಂಬರ್‌ಗೆ ಇದು ಅತ್ಯಂತ ಸುರಕ್ಷಿತ, ಗುಂಟೆಗೆ ಮಾತ್ರ ವ್ಯಾಲ್ಯೂ ಫಂಕ್ಷನ್ ಸೇರಿಸಬೇಕು. ಕಂಟ್ರೋಲ್ ಟಿ ಒತ್ತಿ ಮಾಡಿದ ಟೇಬಲ್‌ನೊಳಗೆ ಇದು ಹರಡಿಕೊಳ್ಳದೆ #ಸ್ಪಿಲ್! ಎನ್ನುತ್ತದೆ. ಗೂಗಲ್ ಶೀಟ್ಸ್‌ನ ಸ್ಪ್ಲಿಟ್ ಬೇರೆ ಜಾತಿ: ಅದು ತಾರೀಖಿನಂತೆ ಕಂಡದ್ದನ್ನು ತಾರೀಖು ಮಾಡುತ್ತದೆ, ಹೇಳದಿದ್ದರೆ ಖಾಲಿ ಜಾಗಗಳನ್ನೂ ನುಂಗುತ್ತದೆ. ನಾಲ್ಕನೆಯ ಆರ್ಗ್ಯುಮೆಂಟ್‌ಗೆ ಫಾಲ್ಸ್ ಕೊಟ್ಟರೆ ಖಾಲಿ ಉಳಿಯುತ್ತದೆ.

ಒಡೆದ ಮೇಲೆ “ಪರಿವಿಡಿ” ಎಂಬ ಹೊಸ ಶೀಟ್ ಮಾಡಿ, ಎ2ರಲ್ಲಿ:

=ಸಾರ್ಟ್(ಯೂನಿಕ್(ಮೂಲ!ಡಿ2:ಡಿ2000))

ಡಿ ಕಾಲಂ 2000ದವರೆಗೆ ತುಂಬಿಲ್ಲದಿದ್ದರೆ ಪಟ್ಟಿಯ ಕೊನೆಗೆ ಒಂದು 0 ಬರುತ್ತದೆ. ಅಷ್ಟಕ್ಕೆ ತಲೆಕೆಡಿಸಿಕೊಳ್ಳಬೇಡಿ, ವ್ಯಾಪ್ತಿ ಕಡಿಮೆ ಮಾಡಿ. ಊರುಗಳ ಪಟ್ಟಿಯಷ್ಟೇ ಅಲ್ಲ, ಇದು ಒಳ್ಳೆಯ ತಪಾಸಣೆಯೂ ಹೌದು. “ಹೊಸಹಳ್ಳಿ”, “ಹೊಸ ಹಳ್ಳಿ” ಎರಡೂ ಕಂಡರೆ ಮೂಲದಲ್ಲಿ ತಿದ್ದಿ. ಕಣ್ಣಿಗೆ ಒಂದೇ ಥರದ ಹೆಸರು ಎರಡು ಸಲ ಬಂದರೆ ಲೆನ್ ಹಾಕಿ ಅಕ್ಷರ ಎಣಿಸಿ. ವೆಬ್‌ನಿಂದ ಬಂದ ಪಠ್ಯದಲ್ಲಿ 160ನೇ ಸಂಖ್ಯೆಯ ಸ್ಪೇಸ್ ಇರುತ್ತದೆ, ಹೆಚ್ಚಿನ ಸ್ಪೇಸ್ ತೆಗೆಯುವ ಟ್ರಿಮ್ ಫಂಕ್ಷನ್‌ಗೆ ಅದು ಬಗ್ಗದು. ಸಬ್‌ಸ್ಟಿಟ್ಯೂಟ್‌ನಿಂದಲೇ ತೆಗೆಯಬೇಕು.

ಪ್ರತಿ ಊರಿಗೂ ಅದೇ ಹೆಸರಿನ ಶೀಟ್ ಸೇರಿಸಿ, ಬಿ1ರಲ್ಲಿ ಊರಿನ ಹೆಸರು ಬರೆಯಿರಿ. ಶೀಟ್ ಹೆಸರಿಗೆ 31 ಅಕ್ಷರದ ಮಿತಿ, ಅದೂ ಎಕ್ಸೆಲ್‌ನ ಎಣಿಕೆಯಲ್ಲಿ: “ಕೃಷ್ಣಾಪುರ” ಒಂಬತ್ತು ತಿನ್ನುತ್ತದೆ. ಊರಿನ ಮೊದಲ ಶೀಟ್ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯದನ್ನು ಕ್ಲಿಕ್ ಮಾಡಿದರೆ ಎಲ್ಲವೂ ಗ್ರೂಪ್ ಆಗುತ್ತವೆ. ಆಗ ಎ4ರಲ್ಲಿ ಒಮ್ಮೆ ಬರೆದದ್ದು ಎಲ್ಲ ಶೀಟ್‌ಗೂ ಹೋಗುತ್ತದೆ:

=ಫಿಲ್ಟರ್(ಮೂಲ!ಬಿ2:ಜಿ2000,ಮೂಲ!ಡಿ2:ಡಿ2000=ಬಿ1)

ಒಟ್ಟು ಎಕರೆಗೆ ಇ1ರಲ್ಲಿ, ಉಳಿದ ಗುಂಟೆಗೆ ಎಫ್1ರಲ್ಲಿ:

=ಸಮ್(ಇ4:ಇ2000)+ಇಂಟ್(ಸಮ್(ಎಫ್4:ಎಫ್2000)/40)
=ಮಾಡ್(ಸಮ್(ಎಫ್4:ಎಫ್2000),40)

17 ಎಕರೆ, 95 ಗುಂಟೆ ಇದ್ದರೆ 19 ಎಕರೆ 15 ಗುಂಟೆ ಬರಬೇಕು. ಮೊತ್ತವನ್ನು ಪಟ್ಟಿಯ ಕೆಳಗೆ ಹಾಕಿದರೆ ಸಾಲು ಹೆಚ್ಚಾದ ದಿನ #ಸ್ಪಿಲ್! ಬರುತ್ತದೆ, ಆದ್ದರಿಂದ ಮೇಲೆಯೇ ಇರಲಿ. ಗ್ರೂಪ್ ಇರುವಾಗಲೇ ಎ1ರಲ್ಲಿ ವಾಪಸ್ ಲಿಂಕ್:

=ಹೈಪರ್‌ಲಿಂಕ್("#'ಪರಿವಿಡಿ'!ಎ1","← ಪರಿವಿಡಿ")

ಲಿಂಕ್ ಹಾಕುವ ಕಂಟ್ರೋಲ್ ಕೆ ಗ್ರೂಪ್‌ನಲ್ಲಿ ಸಿಗುವುದಿಲ್ಲ, ಫಾರ್ಮುಲಾ ಸಿಗುತ್ತದೆ. ಮುಗಿದ ಕೂಡಲೇ ಅನ್‌ಗ್ರೂಪ್ ಮಾಡಿ, ಮರೆತರೆ ಮುಂದೆ ಟೈಪ್ ಮಾಡಿದ್ದೆಲ್ಲ ಎಲ್ಲ ಊರಿಗೂ ಬೀಳುತ್ತದೆ. ಮೇಲಿನ ಸಾಲುಗಳು ಜರುಗದಂತೆ ಹಿಡಿಯುವ ಫ್ರೀಜ್ ಪೇನ್ಸ್ ಮಾತ್ರ ಒಂದೊಂದು ಶೀಟ್‌ಗೂ ಬೇರೆಯಾಗಿ ಮಾಡಬೇಕು.

ಪರಿವಿಡಿಯ ಬಿ2ರಲ್ಲಿ ಬರೆದು ಕೆಳಗೆ ಎಳೆಯಿರಿ:

=ಹೈಪರ್‌ಲಿಂಕ್("#'"&ಎ2&"'!ಎ1","ತೆರೆ")

# ಎಂದರೆ ಇದೇ ಫೈಲ್ ಒಳಗೆ. ಶೀಟ್ ಹೆಸರಿನ ಸುತ್ತ ಒಂಟಿ ಉದ್ಧರಣ ಚಿಹ್ನೆ ಬಿಟ್ಟರೆ ಹೆಸರಿನಲ್ಲಿ ಸ್ಪೇಸ್ ಇರುವ ಊರುಗಳ ಲಿಂಕ್ ತೆರೆಯುವುದಿಲ್ಲ. ಶೀಟ್ ಹೆಸರು ಬದಲಿಸಿದರೂ ಲಿಂಕ್ ಮುರಿಯುತ್ತದೆ, ಏಕೆಂದರೆ ಒಳಗಿರುವುದು ಬರೀ ಪಠ್ಯ. ಹೆಸರು ಬದಲಾಗುವ ಸಂಭವ ಇರುವ ಕಡೆ ಹೀಗೆ:

=ಹೈಪರ್‌ಲಿಂಕ್("#"&ಸೆಲ್("ಅಡ್ರೆಸ್",ಹೊಸಹಳ್ಳಿ!ಎ1),"ಹೊಸಹಳ್ಳಿ")

ಇಲ್ಲಿ ಶೀಟ್‌ನತ್ತ ನಿಜವಾದ ರೆಫರೆನ್ಸ್ ಇರುವುದರಿಂದ ಎಕ್ಸೆಲ್ ತಾನೇ ಬದಲಿಸಿಕೊಳ್ಳುತ್ತದೆ.

ನೇರ ಸರ್ವೆ ನಂಬರ್‌ಗೆ ಹೋಗಲು ಪರಿವಿಡಿಯ ಡಿ1ರಲ್ಲಿ ಊರು, ಇ1ರಲ್ಲಿ ಸರ್ವೆ ನಂಬರ್, ಎಫ್1ರಲ್ಲಿ:

=ಹೈಪರ್‌ಲಿಂಕ್("#'"&ಡಿ1&"'!ಎ"&ಮ್ಯಾಚ್(ಇ1&"",ಇನ್‌ಡೈರೆಕ್ಟ್("'"&ಡಿ1&"'!ಬಿ:ಬಿ"),0),"ಹೋಗು")

ಇ1ಕ್ಕೆ ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್ ಕೊಟ್ಟಿರಿ, ಇಲ್ಲದಿದ್ದರೆ ಹುಡುಕಲು ಟೈಪ್ ಮಾಡಿದ 12/3 ಕೂಡ ಮಾರ್ಚ್ ಆಗಿ #ಎನ್/ಎ ಬರುತ್ತದೆ. ಲಿಂಕ್ ಇರುವ ಸೆಲ್ ತಿದ್ದಬೇಕಾದರೆ ಬಾಣದ ಕೀಲಿಗಳಿಂದ ಅಲ್ಲಿಗೆ ಹೋಗಿ ಎಫ್2 ಕೀ ಒತ್ತಿ, ಕ್ಲಿಕ್ ಮಾಡಿದರೆ ಅದು ಊರಿಗೆ ಹಾರಿಸುತ್ತದೆ.