ಫ್ಯಾನ್ ತಿರುಗುತ್ತಿದೆ, ಸಾಫ್ಟ್‌ವೇರ್‌ನಲ್ಲಿ ಕಾಣುತ್ತಿಲ್ಲ: ಹುಡುಕುವುದು ಎಲ್ಲಿಂದ?

ಏಪ್ರಿಲ್ ಬಂತೆಂದರೆ ವಿಜಯಪುರದಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಫ್ಲೆಕ್ಸ್ ಡಿಸೈನ್ ಮಾಡುವ ಕೋಣೆಗಳಲ್ಲಿ ಕಂಪ್ಯೂಟರು ಕೆಲಸದ ನಡುವೆ ತಾನಾಗಿ ಬಂದ್ ಆಗುವ ಕಾಟ ಶುರುವಾಗುವುದೂ ಆಗಲೇ. ಮದುವೆ ಸೀಸನ್ನಿನ ಆಲ್ಬಂ ಅರ್ಧಕ್ಕೆ ನಿಂತಿರುತ್ತದೆ, ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾರೆ. ಆಗ ಯಾರಾದರೂ ಹೇಳುತ್ತಾರೆ, ‘ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿ ನೋಡ್ರಿ, ಎಷ್ಟು ಕಾಯಾಕತ್ತೈತಿ ಗೊತ್ತಾಗ್ತೈತಿ’ ಎಂದು. ಹಾಕಿ ನೋಡಿದರೆ ಪ್ರೊಸೆಸರಿನ ತಾಪ ಇರಬೇಕಾದ ಕಡೆ ಸೊನ್ನೆ, ಫ್ಯಾನಿನ ಸಾಲೇ ಇಲ್ಲ, ಗ್ರಾಫಿಕ್ಸ್ ಕಾರ್ಡಿನ ಹೆಸರು ನಾಪತ್ತೆ.

‘ಸೆನ್ಸರ್ ಹೋಗೇತಿ, ಬೋರ್ಡ್ ಬದಲಿಸಬೇಕು’ ಎಂಬ ತೀರ್ಮಾನ ಹುಟ್ಟುವುದು ಇಲ್ಲಿ. ಸಾವಿರಾರು ರೂಪಾಯಿ ನುಂಗುವ ಈ ತೀರ್ಮಾನ ಬಹಳಷ್ಟು ಸಲ ತಪ್ಪಾಗಿರುತ್ತದೆ. ಭಾಗ ಚೆನ್ನಾಗಿಯೇ ಇರುತ್ತದೆ. ಅಲ್ಲಿಂದ ಪರದೆಯವರೆಗೆ ಅಂಕಿ ಬರುವ ದಾರಿಯಲ್ಲಿ ಏನೋ ಅಡ್ಡ ಬಂದಿರುತ್ತದೆ. ಆ ದಾರಿ ಗೊತ್ತಿದ್ದರೆ ಅಡ್ಡ ಬಂದದ್ದನ್ನು ಮನೆಯಲ್ಲೇ ಕಂಡುಹಿಡಿಯಬಹುದು.

ಅಂಕಿ ಬರುವ ನಾಲ್ಕು ದಾರಿ

ಎಚ್‌ಡಬ್ಲ್ಯೂಇನ್ಫೊ, ಎಚ್‌ಡಬ್ಲ್ಯೂಮಾನಿಟರ್, ಲಿಬ್ರೆ ಹಾರ್ಡ್‌ವೇರ್ ಮಾನಿಟರ್‌ನಂಥ ಸಾಫ್ಟ್‌ವೇರ್‌ಗಳು ತಾವಾಗಿ ಏನನ್ನೂ ಅಳೆಯುವುದಿಲ್ಲ. ಬೇರೆ ಬೇರೆ ಕಡೆ ಕೇಳಿ ತಂದದ್ದನ್ನು ಒಂದೇ ಪಟ್ಟಿಯಲ್ಲಿ ತೋರಿಸುತ್ತವೆ, ಅಷ್ಟೇ.

ಪ್ರೊಸೆಸರಿನ ತಾಪವನ್ನು ಹೇಳುವುದು ಅದರೊಳಗೇ ಕೂತಿರುವ ಸೆನ್ಸರ್. ಅದನ್ನು ಓದಲು ವಿಂಡೋಸ್‌ನ ತೀರ ಒಳಗಿನ ಪದರವಾದ ಕರ್ನಲ್‌ಗೆ ಇಳಿಯಬೇಕು. ಸಾಮಾನ್ಯ ಪ್ರೋಗ್ರಾಮಿಗೆ ಅಲ್ಲಿಗೆ ಪ್ರವೇಶವಿಲ್ಲ, ಅದಕ್ಕೊಂದು ಡ್ರೈವರ್, ಅಂದರೆ ಯಂತ್ರದ ಭಾಗದ ಜೊತೆ ಮಾತಾಡುವ ಸಣ್ಣ ಪ್ರೋಗ್ರಾಂ, ಬೇಕು. ಫ್ಯಾನಿನ ವೇಗ, ವೋಲ್ಟೇಜ್, ಬೋರ್ಡಿನ ತಾಪ ಬರುವುದು ಮದರ್‌ಬೋರ್ಡಿನ ಮೇಲಿರುವ ಸೂಪರ್ ಐಒ ಎಂಬ ಸಣ್ಣ ಚಿಪ್‌ನಿಂದ. ನುವೊಟಾನ್, ಐಟಿಇ, ಫಿನ್‌ಟೆಕ್ ಕಂಪನಿಗಳ ಚಿಪ್‌ಗಳೇ ಹೆಚ್ಚಿನ ಬೋರ್ಡುಗಳಲ್ಲಿ ಇರುತ್ತವೆ. ಗ್ರಾಫಿಕ್ಸ್ ಕಾರ್ಡಿನ ಲೆಕ್ಕವನ್ನು ಕೊಡುವುದು ಅದರ ಸ್ವಂತ ಡ್ರೈವರ್. ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿ ತಮ್ಮ ತಾಪವನ್ನೂ ಆರೋಗ್ಯವನ್ನೂ ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾವೇ ಬರೆದಿಟ್ಟುಕೊಳ್ಳುತ್ತವೆ.

ಹಾಗಾಗಿ ಮೊದಲು ಯಾವುದನ್ನೂ ಮುಟ್ಟದೆ, ಯಾವ ಸಾಲು ಕಾಣುತ್ತಿದೆ, ಯಾವುದು ಕಾಣುತ್ತಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗ್ರಾಫಿಕ್ಸ್ ಮತ್ತು ಡಿಸ್ಕ್ ಕಂಡು, ಪ್ರೊಸೆಸರ್ ಮತ್ತು ಫ್ಯಾನ್ ಎರಡೂ ಕಾಣದಿದ್ದರೆ ಸಾಫ್ಟ್‌ವೇರಿನ ಡ್ರೈವರ್ ಲೋಡ್ ಆಗಿಲ್ಲ ಎಂದೇ ಅನುಮಾನಿಸಬೇಕು. ಫ್ಯಾನ್ ಮಾತ್ರ ಕಾಣದಿದ್ದರೆ ಸೂಪರ್ ಐಒ ಚಿಪ್ ಅಥವಾ ವೈರಿನ ಕಡೆ ನೋಡಬೇಕು. ಗ್ರಾಫಿಕ್ಸ್ ಒಂದೇ ಕಾಣದಿದ್ದರೆ ಅದರ ಡ್ರೈವರ್. ಈ ಚೀಟಿ ಅರ್ಧ ಕೆಲಸ ಮುಗಿಸಿಕೊಡುತ್ತದೆ.

ಮೊದಲು ಬಯೋಸ್

ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತುತ್ತಾ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ಎದ್ದೇಳುವ ಬೋರ್ಡಿನ ಸ್ವಂತ ಪ್ರೋಗ್ರಾಮಿಗೆ, ಹೋಗಿ. ಹಾರ್ಡ್‌ವೇರ್ ಮಾನಿಟರ್, ಪಿಸಿ ಹೆಲ್ತ್ ಎಂಬಂಥ ಹೆಸರಿನ ಪುಟ ಹೆಚ್ಚಿನ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಇರುತ್ತದೆ. ಅಲ್ಲಿ ಪ್ರೊಸೆಸರಿನ ತಾಪ, ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಕಂಡರೆ ಸೆನ್ಸರ್ ಜೀವಂತವಾಗಿದೆ, ತೊಂದರೆ ಇರುವುದು ವಿಂಡೋಸ್ ಒಳಗೆ. ಬೋರ್ಡ್ ಬದಲಿಸುವ ಮಾತನ್ನು ಅಲ್ಲಿಗೇ ಬಿಡಿ. ಬಯೋಸ್‌ನಲ್ಲೂ ಕಾಣದಿದ್ದರೆ ಮಾತ್ರ ಕ್ಯಾಬಿನೆಟ್ ಬಿಚ್ಚುವ ಪ್ರಶ್ನೆ.

ಬಯೋಸ್ ತೋರಿಸುವ ತಾಪ ವಿಂಡೋಸ್‌ನಲ್ಲಿ ಸುಮ್ಮನೆ ಕೂತಾಗಿನ ತಾಪಕ್ಕಿಂತ ಕೆಲವು ಡಿಗ್ರಿ ಹೆಚ್ಚಿರುವುದು ಸಹಜ. ವಿದ್ಯುತ್ ಉಳಿಸುವ ಸ್ಥಿತಿಗೆ ಪ್ರೊಸೆಸರ್ ಅಲ್ಲಿ ಪೂರ್ತಿ ಇಳಿದಿರುವುದಿಲ್ಲ. ಅದನ್ನು ನೋಡಿ ಗಾಬರಿಯಾಗಬೇಡಿ.

ವಿಂಡೋಸ್‌ಗೆ ಮರಳಿದ ಮೇಲೆ ಶಟ್‌ಡೌನ್ ಬದಲು ರಿಸ್ಟಾರ್ಟ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಅದೇ ಸ್ಥಿತಿ ಎದ್ದು ಬರುತ್ತದೆ. ರಿಸ್ಟಾರ್ಟ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ನಂತರ ಸಾಫ್ಟ್‌ವೇರಿನ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಯ್ದುಕೊಳ್ಳಿ. ಕಚೇರಿಯ ಅಥವಾ ಕಾಲೇಜ್ ಲ್ಯಾಬಿನ ಕಂಪ್ಯೂಟರಿನಲ್ಲಿ ನಿಮಗೆ ಆ ಅಧಿಕಾರ ಇಲ್ಲದಿದ್ದರೆ ಪ್ರೊಸೆಸರಿನ ತಾಪ ಸಿಗುವುದು ಕಷ್ಟ. ಲ್ಯಾಬ್ ನೋಡಿಕೊಳ್ಳುವವರನ್ನೇ ಕೇಳಬೇಕು.

ಸಾಲನ್ನು ಯಾರೋ ಅಡಗಿಸಿಟ್ಟಿರುವ ಸಾಧ್ಯತೆಯೂ ಇದೆ. ಲಿಬ್ರೆ ಹಾರ್ಡ್‌ವೇರ್ ಮಾನಿಟರ್‌ನ ಫೈಲ್ ಮೆನುವಿನಲ್ಲಿ ಹಾರ್ಡ್‌ವೇರ್ ಎಂಬ ಪಟ್ಟಿ ಇದೆ. ಅಲ್ಲಿ ಮದರ್‌ಬೋರ್ಡ್ ಮುಂದಿನ ಗುರುತು ತೆಗೆದಿದ್ದರೆ ಫ್ಯಾನ್ ಬರುವುದೇ ಇಲ್ಲ.

ಹಳೆ ಆವೃತ್ತಿಯ ತಂಟೆ

ಪೆನ್‌ಡ್ರೈವಿನಲ್ಲಿ ವರ್ಷಗಳಿಂದ ಇಟ್ಟುಕೊಂಡ ಸೆಟಪ್ ಫೈಲನ್ನೇ ಎಲ್ಲ ಕಂಪ್ಯೂಟರಿಗೂ ಹಾಕುವ ರೂಢಿ ನಮ್ಮ ರಿಪೇರಿ ಅಂಗಡಿಗಳಲ್ಲಿ ಇದೆ. ಮಾನಿಟರಿಂಗ್ ಸಾಫ್ಟ್‌ವೇರ್ ವಿಷಯದಲ್ಲಿ ಇದು ಕೆಲಸ ಕೆಡಿಸುತ್ತದೆ. ಯಾವ ಚಿಪ್‌ನಲ್ಲಿ ಯಾವ ವಿಳಾಸದಲ್ಲಿ ಫ್ಯಾನಿನ ಲೆಕ್ಕ ಇದೆ ಎಂಬುದನ್ನು ಸಾಫ್ಟ್‌ವೇರ್ ತಯಾರಕರು ಪ್ರತಿ ಹೊಸ ಚಿಪ್‌ಗೂ ಬೇರೆಯಾಗಿ ಸೇರಿಸಬೇಕಾಗುತ್ತದೆ. ಕಳೆದ ವರ್ಷ ಬಂದ ಬೋರ್ಡನ್ನು ಐದು ವರ್ಷ ಹಿಂದಿನ ಸಾಫ್ಟ್‌ವೇರ್ ಗುರುತಿಸುವುದಾದರೂ ಹೇಗೆ? ಒಂದು ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಸ್ಪೀಡ್‌ಫ್ಯಾನ್ ವರ್ಷಗಳಿಂದ ನವೀಕರಣಗೊಂಡಿಲ್ಲ. ಹಳೆಯದನ್ನು ತೆಗೆದುಹಾಕಿ, ತಯಾರಕರ ಸ್ವಂತ ಜಾಲತಾಣದಿಂದಲೇ ಹೊಸದನ್ನು ಇಳಿಸಿಕೊಳ್ಳಿ.

ಇಂಥ ಎರಡು ಮೂರು ಸಾಫ್ಟ್‌ವೇರ್ ಒಟ್ಟಿಗೆ ಓಡುತ್ತಿದ್ದರೂ ಲೆಕ್ಕ ತಪ್ಪುತ್ತದೆ. ಬೋರ್ಡ್ ಕಂಪನಿಯ ಸ್ವಂತ ಯುಟಿಲಿಟಿ, ಬಣ್ಣದ ದೀಪ ಹೊಳೆಸುವ ಆರ್‌ಜಿಬಿ ಸಾಫ್ಟ್‌ವೇರ್, ಅದರ ಮೇಲೊಂದು ಮಾನಿಟರ್, ಎಲ್ಲವೂ ಒಂದೇ ಚಿಪ್‌ಗೆ, ಮಾಹಿತಿ ಸಾಗುವ ಒಂದೇ ದಾರಿಗೆ ಏಕಕಾಲಕ್ಕೆ ಕೈ ಹಾಕಿದರೆ ಸಾಲು ಬಂದು ಹೋಗಿ ಮಾಡುತ್ತದೆ, ಅಸಂಬದ್ಧ ಅಂಕಿ ತೋರಿಸುತ್ತದೆ. ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಿ, ಅವು ವಿಂಡೋಸ್ ಜೊತೆಗೇ ಶುರುವಾಗದಂತೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ನಿಲ್ಲಿಸಿ, ಮತ್ತೆ ರಿಸ್ಟಾರ್ಟ್ ಮಾಡಿ ನೋಡಿ.

ಡ್ರೈವರನ್ನು ವಿಂಡೋಸ್ ತಡೆದಾಗ

ಇತ್ತೀಚಿನ ವರ್ಷಗಳಲ್ಲಿ ಸಾಲುಗಳು ಮಾಯವಾಗಲು ಇದೊಂದು ದೊಡ್ಡ ಕಾರಣ. ನಿನ್ನೆವರೆಗೆ ಸರಿಯಾಗಿದ್ದದ್ದು ಇವತ್ತು ಕಾಣುತ್ತಿಲ್ಲ ಎನ್ನುವವರು ಇದನ್ನು ಗಮನವಿಟ್ಟು ಓದಬೇಕು.

ಬಹಳ ವರ್ಷ ಹಲವು ಮಾನಿಟರಿಂಗ್ ಸಾಫ್ಟ್‌ವೇರ್‌ಗಳು, ಫ್ಯಾನ್ ನಿಯಂತ್ರಿಸುವ ಸಾಫ್ಟ್‌ವೇರ್‌ಗಳು ವಿನ್‌ರಿಂಗ್0 ಎಂಬ ಒಂದೇ ಡ್ರೈವರನ್ನು ನಂಬಿಕೊಂಡಿದ್ದವು. ಪ್ರೊಸೆಸರಿನ ಒಳಗಿನ ಅಂಕಿಯನ್ನು ಓದಲು ಅದು ಬಾಗಿಲು ತೆರೆದುಕೊಡುತ್ತಿತ್ತು. ಆದರೆ ಆ ಬಾಗಿಲಿನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ನುಗ್ಗಿ ಇಡೀ ಕಂಪ್ಯೂಟರಿನ ಹಿಡಿತ ಪಡೆಯಬಹುದು ಎಂಬ ಲೋಪ 2020ರಲ್ಲಿ ಅಧಿಕೃತವಾಗಿ ದಾಖಲಾಯಿತು. 2025ರ ಮಾರ್ಚ್‌ನಲ್ಲಿ ವಿಂಡೋಸ್‌ನ ಸ್ವಂತ ವೈರಸ್ ಕಾವಲುಗಾರನಾದ ವಿಂಡೋಸ್ ಡಿಫೆಂಡರ್ ಈ ಡ್ರೈವರನ್ನು ಅಪಾಯಕಾರಿ ಎಂದು ಗುರುತಿಸಿ ಕಿತ್ತು ಪಕ್ಕಕ್ಕಿಡತೊಡಗಿತು. ಸಾಫ್ಟ್‌ವೇರ್ ತೆರೆಯುತ್ತದೆ, ಪ್ರೊಸೆಸರಿನ ಹೆಸರೂ ಇರುತ್ತದೆ, ತಾಪದ ಜಾಗ ಮಾತ್ರ ಖಾಲಿ.

ನಿಮ್ಮಲ್ಲಿ ಆಗಿರುವುದು ಇದೇನಾ ಎಂದು ತಿಳಿಯಲು ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಮತ್ತು ಥ್ರೆಟ್ ಪ್ರೊಟೆಕ್ಷನ್ ಒಳಗೆ ಪ್ರೊಟೆಕ್ಷನ್ ಹಿಸ್ಟರಿ ನೋಡಿ. ವಿನ್‌ರಿಂಗ್0 ಹೆಸರು ಅಲ್ಲಿದ್ದರೆ ಉತ್ತರ ಸಿಕ್ಕಿತು. ಇನ್ನೊಂದು ಜಾಗ ಡಿವೈಸ್ ಸೆಕ್ಯುರಿಟಿ ಅಡಿಯ ಕೋರ್ ಐಸೊಲೇಶನ್. ಅಲ್ಲಿನ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೆ ಅದಕ್ಕೆ ಹೊಂದದ ಹಳೆ ಡ್ರೈವರುಗಳು ಲೋಡ್ ಆಗುವುದಿಲ್ಲ. ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಅಪಾಯಕಾರಿ ಡ್ರೈವರುಗಳ ತಡೆಪಟ್ಟಿಯೂ ತಾನಾಗಿಯೇ ಚಾಲೂ ಇರುತ್ತದೆ.

ಡಿಫೆಂಡರನ್ನೇ ಬಂದ್ ಮಾಡಿ, ಮೆಮೊರಿ ಇಂಟೆಗ್ರಿಟಿ ತೆಗೆಯಿರಿ, ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಯೂಟ್ಯೂಬಿನಲ್ಲಿ ಧಾರಾಳ ಸಿಗುತ್ತದೆ. ದಯವಿಟ್ಟು ಇದನ್ನು ಮಾಡಬೇಡಿ. ಡಿಟಿಪಿ ಅಂಗಡಿಯ ಕಂಪ್ಯೂಟರೆಂದರೆ ಊರವರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್‌ಗಳು ತುಂಬಿರುವ ಜಾಗ. ಒಂದು ತಾಪದ ಅಂಕಿಗಾಗಿ ಅದರ ಕಾವಲು ತೆಗೆಯುವುದು ಗಿರಾಕಿಗಳಿಗೆ ಮಾಡುವ ಅನ್ಯಾಯ. ಬೇರೆ ದಾರಿ ಇದೆ: ಲಿಬ್ರೆ ಹಾರ್ಡ್‌ವೇರ್ ಮಾನಿಟರ್‌ನ ಹೊಸ ಆವೃತ್ತಿಗಳು ವಿನ್‌ರಿಂಗ್0 ಬಿಟ್ಟು ಪಾನ್‌ಐಒ ಎಂಬ ಬೇರೆ ಡ್ರೈವರಿಗೆ ಬದಲಾಗಿವೆ. ಎಚ್‌ಡಬ್ಲ್ಯೂಇನ್ಫೊ ತನ್ನದೇ ಡ್ರೈವರ್ ಬಳಸುತ್ತದೆ. ಹೊಸ ಆವೃತ್ತಿ ಹಾಕಿಕೊಂಡರೆ ರಕ್ಷಣೆಯೂ ಉಳಿಯುತ್ತದೆ, ಅಂಕಿಯೂ ಸಿಗುತ್ತದೆ.

ಗ್ರಾಫಿಕ್ಸ್ ಕಾರ್ಡ್, ಡಿಸ್ಕ್

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್ಪ್ಲೇ ಅಡಾಪ್ಟರ್ ಅಡಿಯಲ್ಲಿ ನಿಮ್ಮ ಕಾರ್ಡಿನ ಹೆಸರಿನ ಬದಲು ‘ಮೈಕ್ರೊಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್’ ಎಂದಿದ್ದರೆ ಕಾರ್ಡಿನ ಡ್ರೈವರ್ ಇಲ್ಲ. ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್ ತಾಣದಿಂದ ಸರಿಯಾದದ್ದನ್ನು ಹಾಕಿ. ಹಳದಿ ಗುರುತಿನ ಜೊತೆ ಕೋಡ್ 43 ಎಂದಿದ್ದರೆ, ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದರ್ಥ. ಡ್ರೈವರ್ ಹೊಸದಾಗಿ ಹಾಕಿದರೂ ಅದು ಹೋಗದಿದ್ದರೆ ಕಾರ್ಡನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಬೇಕು.

ವಿಂಡೋಸ್ 10ರ 2020ರ ಮೇ ಅಪ್‌ಡೇಟಿನಿಂದ ಈಚೆಗೆ ಟಾಸ್ಕ್ ಮ್ಯಾನೇಜರೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ತಾಪ ತೋರಿಸುತ್ತದೆ. ಹೋಲಿಸಿ ನೋಡಲು ಅದು ಸಾಕು. ಕಾರ್ಡಿನ ಫ್ಯಾನ್ 0 ಆರ್‌ಪಿಎಂ ತೋರಿಸಿದರೆ ಒಡನೆ ಹೆದರಬೇಡಿ. ತಾಪ ಕಡಿಮೆ ಇರುವಾಗ ಫ್ಯಾನ್ ಪೂರ್ತಿ ನಿಲ್ಲಿಸುವ ಕಾರ್ಡುಗಳು ಈಗ ಸಾಮಾನ್ಯ. ಲ್ಯಾಪ್‌ಟಾಪಿನಲ್ಲಿ ಕೆಲಸವಿಲ್ಲದಾಗ ದೊಡ್ಡ ಗ್ರಾಫಿಕ್ಸ್ ಚಿಪ್ ಮಲಗಿಬಿಡುವುದರಿಂದ ಅದರ ಸಾಲು ಖಾಲಿ ಕಾಣಬಹುದು.

ಡಿಸ್ಕ್ ವಿಷಯಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಒಳ್ಳೆಯ ಪರೀಕ್ಷೆ. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕಿನ ತಾಪ ಬರದಿದ್ದರೆ, ಪೆಟ್ಟಿಗೆಯೊಳಗಿನ ಚಿಪ್ ಸ್ಮಾರ್ಟ್ ಮಾಹಿತಿಯನ್ನು ದಾಟಿಸುತ್ತಿಲ್ಲದಿರಬಹುದು. ಬಯೋಸ್‌ನಲ್ಲಿ ಡಿಸ್ಕ್ ನಿರ್ವಹಣೆಯ ರೇಡ್ ಅಥವಾ ಇಂಟೆಲ್ ವಿಎಂಡಿ ವ್ಯವಸ್ಥೆ ಚಾಲೂ ಇದ್ದರೆ ಕೆಲವು ಸಾಫ್ಟ್‌ವೇರ್‌ಗಳಿಗೆ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಕಾಣುವುದಿಲ್ಲ. ಹಾಗೆಂದು ಬಯೋಸ್‌ಗೆ ಹೋಗಿ ಅದನ್ನು ಬದಲಿಸಿಬಿಡಬೇಡಿ, ವಿಂಡೋಸ್ ಶುರುವಾಗುವುದೇ ನಿಂತೀತು.

ಫ್ಯಾನಿನ ಮೂರನೇ ವೈರು

ವಿಜಯಪುರದ ಒಂದು ಸ್ಟುಡಿಯೊದಲ್ಲಿ ಕೇಳಿದ ಮಾತು: ‘ಸರ್, ಮುಂದಿನ ಮೂರೂ ಫ್ಯಾನ್ ತಿರಗಾಕತ್ತಾವು, ಇದರಾಗ ಒಂದೂ ಕಾಣವಲ್ದು.’ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಟಾರ್ಚ್ ಹಿಡಿದು ವೈರಿನ ಬೆನ್ನು ಹತ್ತಿದರೆ ಮೂರೂ ಫ್ಯಾನು ಹಿಂಬದಿಯ ಒಂದು ಸಣ್ಣ ಹಬ್ಬಿಗೆ (ಹಲವು ವೈರುಗಳನ್ನು ಒಟ್ಟುಗೂಡಿಸುವ ಪೆಟ್ಟಿಗೆಗೆ) ಸೇರಿದ್ದವು. ಹಬ್ಬಿನಿಂದ ಹೊರಟದ್ದು ಒಂದೇ ವೈರು, ಅದು ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯ) ದಪ್ಪ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿಗೆ ನೇರ ಸಿಕ್ಕಿಸಿತ್ತು. ಬೋರ್ಡಿಗೆ ಒಂದು ಎಳೆಯೂ ಹೋಗಿರಲಿಲ್ಲ.

ಫ್ಯಾನಿನ ವೇಗ ಬೋರ್ಡಿಗೆ ತಿಳಿಯುವುದು ಅದರ ಮೂರನೇ ವೈರಿನಿಂದ. ಮೊದಲಿನದು ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ಟ್ಯಾಕೊ. ಸಾಮಾನ್ಯವಾಗಿ ಫ್ಯಾನ್ ಒಂದು ಸುತ್ತು ಸುತ್ತಿದಾಗ ಟ್ಯಾಕೊ ವೈರಿನಲ್ಲಿ ಎರಡು ಮಿಡಿತ ಬರುತ್ತವೆ, ಅವನ್ನು ಎಣಿಸಿ ಸೂಪರ್ ಐಒ ಚಿಪ್ ಆರ್‌ಪಿಎಂ ಲೆಕ್ಕ ಹಾಕುತ್ತದೆ. ನಾಲ್ಕನೇ ಪಿನ್ ಇದ್ದರೆ ಅದು ವೇಗ ನಿಯಂತ್ರಿಸಲು. ಮೊಲೆಕ್ಸ್‌ನಲ್ಲಿ ವಿದ್ಯುತ್ ಮಾತ್ರ ಇದೆ, ಟ್ಯಾಕೊ ಇಲ್ಲ. ಆದ್ದರಿಂದ ಆ ಫ್ಯಾನುಗಳನ್ನು ಜಗತ್ತಿನ ಯಾವ ಸಾಫ್ಟ್‌ವೇರೂ ತೋರಿಸಲಾರದು. ಬೋರ್ಡಿನ ಒಂದು ಹೆಡರಿನಿಂದ (ಫ್ಯಾನಿನ ವೈರು ಸಿಕ್ಕಿಸುವ ಪಿನ್ನುಗಳ ಜಾಗದಿಂದ) ಎರಡು ಫ್ಯಾನಿಗೆ ಕವಲೊಡೆಯುವ ಸ್ಪ್ಲಿಟರ್ ಹಾಕಿದ್ದರೆ ಸಾಧಾರಣವಾಗಿ ಒಂದರ ಟ್ಯಾಕೊ ಮಾತ್ರ ಬೋರ್ಡಿಗೆ ಹೋಗುತ್ತದೆ. ಇನ್ನೊಂದು ನಿಂತುಹೋದರೂ ನಿಮಗೆ ಗೊತ್ತಾಗದು.

ನನ್ನ ಸಲಹೆ ಇಷ್ಟು: ಕಡೇಪಕ್ಷ ಪ್ರೊಸೆಸರಿನ ಫ್ಯಾನ್ ‘ಸಿಪಿಯು ಫ್ಯಾನ್’ ಎಂದು ಅಚ್ಚಾಗಿರುವ ಹೆಡರಿಗೇ ಇರಲಿ, ಬಿಸಿಗಾಳಿ ಹೊರಹಾಕುವ ಹಿಂದಿನ ಫ್ಯಾನ್ ಸಿಸ್ಟಂ ಫ್ಯಾನ್ ಹೆಡರಿಗೆ ಬರಲಿ. ವೈರು ಬದಲಿಸುವ ಮೊದಲು ಪ್ಲಗ್ ಕಿತ್ತಿರಿ. ಎರೆಮಣ್ಣಿನ ಸೀಮೆಯ ನುಣ್ಣನೆಯ ದೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಲೋಹದ ಎಲೆಗಳ ನಡುವೆ ಗಟ್ಟಿಯಾಗಿ ಕೂತಿರುತ್ತದೆ. ಪೆಟ್ಟಿಗೆ ತೆರೆದಾಗಲೇ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹಿಡಿಯಿರಿ.

ಲ್ಯಾಪ್‌ಟಾಪಿನ ಕಥೆ ಬೇರೆ. ಅಲ್ಲಿ ಫ್ಯಾನನ್ನು ನೋಡಿಕೊಳ್ಳುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್. ಅದರ ಒಳಲೆಕ್ಕ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಫ್ಯಾನಿನ ಸಾಲು ಬರದಿದ್ದರೆ ಕಂಪನಿಯ ಸ್ವಂತ ಆ್ಯಪ್ ನೋಡಿ, ಅದರಲ್ಲೂ ಇಲ್ಲದಿದ್ದರೆ ಪ್ರೊಸೆಸರಿನ ತಾಪವನ್ನೇ ನಂಬಿ ನಡೆಯಿರಿ.

ಕಂಡರೂ ನಂಬಬಾರದ ಅಂಕಿ

ಪಟ್ಟಿಯಲ್ಲಿ ‘ಆಕ್ಸ್‌ಟಿನ್’ ಎಂಬ ಹೆಸರಿನ ಮುಂದೆ 127 ಡಿಗ್ರಿಯೋ ಮೈನಸ್ 128 ಡಿಗ್ರಿಯೋ ಕಂಡರೆ ಏನೂ ಸುಡುತ್ತಿಲ್ಲ. ಚಿಪ್‌ನಲ್ಲಿ ಅದಕ್ಕೊಂದು ಪಿನ್ ಇದೆ, ಬೋರ್ಡಿನವರು ಅದಕ್ಕೆ ಸೆನ್ಸರ್ ಜೋಡಿಸಿಲ್ಲ. ಅಂಥ ಸಾಲನ್ನು ಅಡಗಿಸಿಬಿಡಿ. ನೋಡಬೇಕಾದ್ದು ಇಂಟೆಲ್‌ನಲ್ಲಿ ‘ಸಿಪಿಯು ಪ್ಯಾಕೇಜ್’, ಎಎಂಡಿ ರೈಜೆನ್‌ನಲ್ಲಿ ‘ಟಿಡೈ’ ಎಂಬ ಸಾಲು. ಇಂಟೆಲ್‌ನ ಅನೇಕ ಪ್ರೊಸೆಸರುಗಳಿಗೆ 100 ಡಿಗ್ರಿ ಗರಿಷ್ಠ ಮಿತಿ. ಅದರ ಹತ್ತಿರ ಹೋದಾಗ ಅವು ತಾವಾಗಿ ವೇಗ ಇಳಿಸುತ್ತವೆ.

ಇಷ್ಟೆಲ್ಲ ಆದ ಮೇಲೂ ಬಯೋಸ್‌ನಲ್ಲೇ ಹೆಡರಿಗೆ ಸರಿಯಾಗಿ ಸಿಕ್ಕಿಸಿದ ಫ್ಯಾನಿನ ವೇಗ ಬರದಿದ್ದರೆ ಆ ಫ್ಯಾನನ್ನು ಇನ್ನೊಂದು ಹೆಡರಿಗೆ ಹಾಕಿ ನೋಡಿ. ಅಲ್ಲಿ ಬಂದರೆ ಕೆಟ್ಟಿರುವುದು ಹೆಡರ್. ಅಲ್ಲೂ ಬರದಿದ್ದರೆ ಹೆಚ್ಚಾಗಿ ಫ್ಯಾನ್. ರಿಪೇರಿ ಅಂಗಡಿಗೆ ಹೋಗುವಾಗ ಬೋರ್ಡಿನ ಮಾದರಿ, ಬಯೋಸ್ ಆವೃತ್ತಿ, ಮೊದಲು ಬರೆದುಕೊಂಡ ಚೀಟಿ ಮತ್ತು ಎಚ್‌ಡಬ್ಲ್ಯೂಇನ್ಫೊದಿಂದ ಉಳಿಸಿದ ರಿಪೋರ್ಟ್ ಫೈಲ್ ಒಯ್ಯಿರಿ. ಬೋರ್ಡ್ ಬದಲಿಸಬೇಕು ಎಂದು ಅವರು ಹೇಳಿದರೆ, ಬಯೋಸ್ ಪುಟವನ್ನು ನಿಮ್ಮೆದುರೇ ತೆರೆದು ತೋರಿಸಲು ಕೇಳಿ.