ಒಂದು ಸಾಲು ಮಿಕ್ಕಿದ ಹಾಳೆ

ನವೋದಯ ವಸತಿ ಶಾಲೆಯ ಆರನೇ ತರಗತಿಗೆ ಸೇರಲು ಬರೆಯುವ ಪರೀಕ್ಷೆಗೆ ಮೊದಲ ಸಲ ನಮ್ಮ ಐದನೇ ತರಗತಿ ಮಕ್ಕಳನ್ನು ತಯಾರು ಮಾಡಿದಾಗ ಇಡೀ ವರ್ಷ ಲೆಕ್ಕದ ಹಿಂದೆಯೇ ಬಿದ್ದಿದ್ದೆ. ಲಸಾಅ, ಮಸಾಅ, ಶೇಕಡಾ, ಲಾಭ-ನಷ್ಟ. ಪರೀಕ್ಷೆ ಮುಗಿಸಿ ಊರಿಗೆ ವಾಪಸ್ ಬರುವಾಗ ತರಗತಿಯ ಜಾಣೆಯೇ ಬಸ್ಸಿನಲ್ಲಿ ಅಳಲು ಶುರುಮಾಡಿದಳು. "ಮಿಸ್, ಕೊನೇಲಿ ಒಂದು ಸಾಲು ಮಿಕ್ಕೋಯ್ತು."

ಎಲ್ಲೋ ನಡುವೆ ಗೊತ್ತಾಗದ ಪ್ರಶ್ನೆ ಬಿಟ್ಟಿದ್ದಾಳೆ, ಉತ್ತರದ ಸೊನ್ನೆ ತುಂಬುವ ಓಎಂಆರ್ ಹಾಳೆಯಲ್ಲಿ ಅದರ ಸಾಲು ಬಿಟ್ಟಿಲ್ಲ. ಅಲ್ಲಿಂದಾಚೆ ಪ್ರತಿ ಉತ್ತರವೂ ಹಿಂದಿನ ಸಾಲಿಗೆ ಹೋಗಿದೆ. ತಿದ್ದೋಣವೆಂದರೆ ಪೆನ್ನಲ್ಲಿ ತುಂಬಿದ್ದು, ವೈಟ್ನರ್ ಮುಟ್ಟುವಂತಿಲ್ಲ. ಆರನೇ ತರಗತಿಯ ಈ ಪರೀಕ್ಷೆಗೆ ಎರಡನೇ ಸಲ ಕೂರಲೂ ಬಿಡುವುದಿಲ್ಲ. ತಪ್ಪು ನನ್ನದು. ಅಂಥ ಹಾಳೆಯನ್ನು ಆ ಮಗುವಿನ ಕೈಗೆ ನಾನು ಒಂದು ದಿನವೂ ಕೊಟ್ಟಿರಲಿಲ್ಲ.

ಮರುವರ್ಷ ಜೂನ್‌ನಲ್ಲೇ ಖಾಲಿ ಹಾಳೆ ಜೆರಾಕ್ಸ್ ಮಾಡಿಸಿದೆ. ಮೊದಲ ವಾರ ಪ್ರಶ್ನೆಯೇ ಇಲ್ಲ. "ಹನ್ನೆರಡು, ಸಿ" ಎಂದು ನಾನು ಕೂಗುವುದು, ಅವರು ಸೊನ್ನೆ ತುಂಬುವುದು. ಹನ್ನೆರಡಾದ ಮೇಲೆ ಬೇಕಂತಲೇ ಹದಿನಾಲ್ಕು ಕೂಗುತ್ತಿದ್ದೆ. ಐದು ಪ್ರಶ್ನೆಗೊಮ್ಮೆ ಒಂದು ಬೆರಳು ಪ್ರಶ್ನೆಯ ನಂಬರಿನ ಮೇಲೆ, ಇನ್ನೊಂದು ಹಾಳೆಯ ನಂಬರಿನ ಮೇಲೆ ಇಟ್ಟು ತಾಳೆ ನೋಡಬೇಕು. ಮೋಸಹೋದವರನ್ನು ಉಳಿದವರು ಹಿಡಿಯುವ ಆಟವಾಯಿತು ಅದು.

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, ಬರೀ ಚಿತ್ರ. ಗೈಡ್ ತೋರಿಸಿ ವಿವರಿಸಿದರೆ ಮಕ್ಕಳು ತಲೆ ಆಡಿಸುತ್ತಿದ್ದರು, ಅಷ್ಟೇ. ಬ್ಯಾಗಿನಲ್ಲಿದ್ದ ಕೈಗನ್ನಡಿ ತೆಗೆದು ಚಿತ್ರದ ಪಕ್ಕ ನಿಲ್ಲಿಸಿದೆ. ಹಳೇ ಪೇಪರ್ ಮಡಚಿ, ಆಫೀಸಿನ ಪಂಚಿಂಗ್ ಮೆಷಿನ್‌ನಲ್ಲಿ ತೂತು ಹಾಕಿ, ಬಿಚ್ಚುವ ಮೊದಲು "ಎಷ್ಟು ತೂತು, ಎಲ್ಲೆಲ್ಲಿ?" ಅಂತ ಕೇಳಿದೆ. ಟೈಲರ್ ಮಗನೊಬ್ಬ ಒಂದು ಸಲವೂ ತಪ್ಪಲಿಲ್ಲ. ಅಪ್ಪ ಬಟ್ಟೆ ಮಡಚಿ ಕತ್ತರಿಸುವುದನ್ನು ನೋಡುತ್ತಲೇ ಬೆಳೆದವನು. ಲೆಕ್ಕದಲ್ಲಿ ಅವನು ಹಿಂದೆ ಎಂದು ನಾನು ಹೆಸರೇ ಕೊಡದಿರುವ ಯೋಚನೆಯಲ್ಲಿದ್ದೆ.

ಭಾಷೆಯ ಭಾಗದಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಮೊದಲು ಪ್ರಶ್ನೆ ಓದಿ ಆಮೇಲೆ ಗದ್ಯ ಓದಿ ಎನ್ನುವವರು ಬಹಳ. ನನಗೆ ಅದು ಒಗ್ಗಲಿಲ್ಲ. ನಮ್ಮ ಮಕ್ಕಳು ಪ್ರಶ್ನೆಯಲ್ಲಿದ್ದ ಪದವನ್ನು ಗದ್ಯದಲ್ಲಿ ಹುಡುಕಿ, ಪಕ್ಕದಲ್ಲಿ ಸಿಕ್ಕಿದ್ದಕ್ಕೆ ಸೊನ್ನೆ ತುಂಬಿಬಿಡುತ್ತಿದ್ದರು. ಅದಕ್ಕೇ ಗದ್ಯ ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ಮನೆಮಾತಿನಲ್ಲಿ ಹೇಳಬೇಕು ಎಂದೆ. ಮೊದಲ ತಿಂಗಳು ತುಂಬಾ ನಿಧಾನವಾಯಿತು. ದಸರಾ ಹೊತ್ತಿಗೆ ಇಪ್ಪತ್ತೈದು ನಿಮಿಷದಲ್ಲಿ ಇಪ್ಪತ್ತೂ ಮುಗಿಸುತ್ತಿದ್ದರು.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಅನುಮಾನ ಬಂದದ್ದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಚುಕ್ಕಿ, ಕೊನೆಯ ಐದು ನಿಮಿಷ ಚುಕ್ಕಿಗಳಿಗೆ. ರಾತ್ರಿ ಹನ್ನೊಂದರವರೆಗೆ ಓದಿಸ್ತೀನಿ ಎಂದು ಹೆಮ್ಮೆಯಿಂದ ಹೇಳಿದ ತಂದೆಗೆ, "ಒಂಬತ್ತಕ್ಕೆ ಮಲಗಿಸಿ ಅಣ್ಣಾ, ಬೆಳಿಗ್ಗೆ ನಾನು ಓದಿಸ್ತೀನಿ" ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಆ ಸಲ ಏಳು ಮಕ್ಕಳು ಬರೆದರು. ಆಯ್ಕೆಯಾದವನು ಒಬ್ಬನೇ, ಟೈಲರ್ ಮಗ. ಫಲಿತಾಂಶ ಬರುವುದಕ್ಕೆ ಎಷ್ಟೋ ಮೊದಲು, ಪರೀಕ್ಷೆಯ ದಿನವೇ ಬಸ್ಸಿನಲ್ಲಿ ಏಳೂ ಜನರನ್ನು ಕೇಳಿದ್ದೆ. ಯಾರಿಗೂ ಸಾಲು ಮಿಕ್ಕಿರಲಿಲ್ಲ.