ಮಂಗಳೂರನ್ನು ಅರ್ಧ ದಿನ ಕಾರಿನಲ್ಲಿ ನೋಡುವುದಾದರೆ ದಕ್ಕೆಯಿಂದ ಶುರು ಮಾಡಿ

ಬೆಂಗಳೂರು, ಮೈಸೂರು ಕಡೆಯ ನೆಂಟರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮದುವೆಗೆ ಬರ್ತಾ ಇದ್ದೀವಿ, ಒಂದು ಬೆಳಿಗ್ಗೆ ಖಾಲಿ ಇದೆ, ಮಂಗಳೂರಲ್ಲಿ ಏನು ನೋಡಬಹುದು?" ನಾನು ಹೇಳುವ ಉತ್ತರವೂ ಒಂದೇ. ನಿಮಗೇ ಅಂತ ಒಂದು ಕಾರು ಮಾಡಿಕೊಳ್ಳಿ, ಊರಿನ ಬಗ್ಗೆ ಹೇಳಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಐದೇ ಐದು ಜಾಗ ನೋಡಿ. ಮೊದಲನೆಯದು ದಕ್ಕೆ ಆಗಿರಲಿ.

ದಕ್ಕೆ ಅಂದರೆ ಮೀನುಗಾರಿಕೆ ಬಂದರು. ಪ್ರವಾಸಕ್ಕೆ ಬಂದವರನ್ನು ಅಲ್ಲಿಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ದೇವಸ್ಥಾನ, ದೇವಸ್ಥಾನ, ಬೀಚು, ಐಸ್‌ಕ್ರೀಂ, ಅಲ್ಲಿಗೆ ಮುಗಿಯಿತು. ಆದರೆ ಈ ಊರು ಹುಟ್ಟಿದ್ದೇ ನೀರಿನಿಂದ. ನೇತ್ರಾವತಿ ಮತ್ತು ಫಲ್ಗುಣಿ (ಇಲ್ಲಿಯವರಿಗೆ ಅದು ಗುರುಪುರ ನದಿ) ಎರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ತುಳುವಿನವರು ಊರನ್ನು ಕುಡ್ಲ ಅಂತಾರೆ, ಕೂಡುವ ಜಾಗ ಅಂತಲೇ ಅದಕ್ಕೆ ಅರ್ಥ ಹೇಳುತ್ತಾರೆ. ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಒಂದೇ ಊರಿಗೆ ಇಷ್ಟು ಹೆಸರು ಇರುವುದು ಯಾಕೆ ಅಂತ ದಕ್ಕೆಯಲ್ಲಿ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತದೆ.

ಮೊದಲು ಕಾರಿನ ವಿಷಯ. ಹಳದಿ ಬೋರ್ಡಿನ ಗಾಡಿಯನ್ನೇ ಮಾಡಿ. ಪರಿಚಯದವರ ಬಿಳಿ ಬೋರ್ಡ್ ಕಾರು ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ಆಸೆ ಪಡಬೇಡಿ, ಏನಾದರೂ ಆದರೆ ವಿಮೆ ಕಷ್ಟ. ಟ್ಯಾಕ್ಸಿಯವರು ಸಾಮಾನ್ಯವಾಗಿ ಎರಡು ಪ್ಯಾಕೇಜ್ ಹೇಳುತ್ತಾರೆ: 4 ಗಂಟೆಗೆ 40 ಕಿಲೋಮೀಟರ್, ಇಲ್ಲವೇ 8 ಗಂಟೆಗೆ 80 ಕಿಲೋಮೀಟರ್. ನಾನು ಹೇಳುವ ಸುತ್ತು ಕಿಲೋಮೀಟರ್ ಲೆಕ್ಕದಲ್ಲಿ 40ರ ಒಳಗೇ ಮುಗಿಯುತ್ತದೆ, ಆದರೆ ಗಂಟೆ ಐದೂವರೆ ಆಗುತ್ತದೆ. ಹಾಗಾಗಿ ಬುಕ್ ಮಾಡುವ ಮೊದಲೇ ಹೆಚ್ಚುವರಿ ಗಂಟೆಗೆ ಎಷ್ಟು ಅಂತ ಕೇಳಿ, ಕೂಡಿಸಿ ನೋಡಿ, 8 ಗಂಟೆಯ ಪ್ಯಾಕೇಜೇ ಅಗ್ಗ ಅನಿಸಿದರೆ ಅದನ್ನೇ ತೆಗೆದುಕೊಳ್ಳಿ. ಇನ್ನೊಂದು ಪ್ರಶ್ನೆ ಮರೆಯಬೇಡಿ: ಗಂಟೆ ಶುರುವಾಗುವುದು ನಿಮ್ಮ ಹೋಟೆಲ್ ಬಾಗಿಲಿನಿಂದಲೋ, ಅವರ ಗ್ಯಾರೇಜಿನಿಂದಲೋ? ಗ್ಯಾರೇಜಿನಿಂದ ಗ್ಯಾರೇಜಿಗೆ ಅಂದರೆ ಹೋಗಿ ಬರುವ ಸಮಯವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಪಾರ್ಕಿಂಗ್ ಯಾರದ್ದು, ಬೆಳಗ್ಗೆ ಆರಕ್ಕೆ ಬರಬೇಕಾದರೆ ಡ್ರೈವರ್ ಬಾಟಾ (ಭತ್ಯೆ) ಬೇರೆಯೋ, ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆದು "ಸರಿ" ಅನ್ನಿಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಕೊನೆಗೆ ಇಬ್ಬರಿಗೂ ಬೇಜಾರು.

ಗೈಡ್ ಬೇಕಾ, ಡ್ರೈವರ್ ಸಾಕಾ? ಊರಿನಲ್ಲೇ ಹುಟ್ಟಿ ಬೆಳೆದ, ಮಾತಾಡುವ ಮನಸ್ಸಿರುವ ಡ್ರೈವರ್ ಸಿಕ್ಕರೆ ಬೇರೆ ಗೈಡ್ ಬೇಕಿಲ್ಲ. ಫೋನಿನಲ್ಲೇ ಗೊತ್ತಾಗುತ್ತದೆ. "ಅಣ್ಣ, ದಕ್ಕೆಗೆ ಹೋಗಬೇಕು, ಎಷ್ಟು ಗಂಟೆಗೆ ಹೋದರೆ ಒಳ್ಳೆಯದು?" ಅಂತ ಕೇಳಿ ನೋಡಿ. "ಬೆಳಿಗ್ಗೆ ಬೇಗ ಹೋಗುವ, ಬೋಟ್ ಖಾಲಿ ಮಾಡುವಾಗ ನೋಡ್ಲಿಕ್ಕೆ ಉಂಟು" ಅಂದರೆ ಅವರನ್ನೇ ಹಿಡಿದುಕೊಳ್ಳಿ. "ಅಲ್ಲಿ ಎಂತ ಉಂಟು ಮಾರಾಯ್ರೆ, ವಾಸನೆ" ಅಂದರೆ ಬೇರೆಯವರನ್ನು ಕೇಳಿ. ಗೈಡನ್ನೂ ಕರೆಯುವುದಾದರೆ ಸೀಟಿನ ಲೆಕ್ಕ ಮೊದಲೇ ಹಾಕಿ. ಸಣ್ಣ ಕಾರಿನಲ್ಲಿ ಮುಂದಿನ ಸೀಟು ಗೈಡ್‌ಗೆ ಹೋಗುತ್ತದೆ, ಹಿಂದೆ ಮೂರೇ ಜನ. ನಾಲ್ಕು ಜನ ಇದ್ದರೆ ದೊಡ್ಡ ಗಾಡಿ ಬೇಕು. ಆದರೆ ಬಂದರಿನ ಓಣಿಗಳಲ್ಲಿ ದೊಡ್ಡ ಗಾಡಿ ತಿರುಗಿಸುವುದು ಕಷ್ಟ, ಹೊರಗೆ ನಿಲ್ಲಿಸಿ ನಡೆಯಬೇಕಾಗುತ್ತದೆ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಸಣ್ಣ ಕಾರೇ ಸುಖ.

ಒಮ್ಮೆ ಮೈಸೂರಿನಿಂದ ನಮ್ಮ ಅತ್ತೆ ಬಂದಾಗ ನನಗೆ ರಜೆ ಸಿಗದೆ ಯಾರೋ ಹೇಳಿದ ಒಂದು ಕಾರು ಮಾಡಿಕೊಟ್ಟಿದ್ದೆ. ಅವನು ಮೊದಲು ಗೇರುಬೀಜದ ಅಂಗಡಿಗೆ ಕರೆದುಕೊಂಡು ಹೋದ, ಆಮೇಲೆ ಇನ್ನೊಂದು ಅಂಗಡಿ, ಕದ್ರಿ ದೇವಸ್ಥಾನಕ್ಕೆ ಮುಟ್ಟುವಾಗ ಮಧ್ಯಾಹ್ನದ ಪೂಜೆ ಮುಗಿದು ಬಾಗಿಲು ಹಾಕಿತ್ತು. ಅತ್ತೆ ಮೆಟ್ಟಿಲ ಹತ್ತಿರ ಕೈಮುಗಿದು ವಾಪಸ್ ಬಂದರು. ನನಗೆ ಈಗಲೂ ಅದು ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡಿ, ನಾವು ಕೇಳಿದರೆ ಮಾತ್ರ ಅಂಗಡಿ, ಇಲ್ಲದಿದ್ದರೆ ಬೇಡ. ಒಳ್ಳೆಯ ಡ್ರೈವರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ದಾರಿ. ಬೆಳಿಗ್ಗೆ ಆರಕ್ಕೆ ಹೊರಡಿ. ಆರೂಕಾಲಿಗೆ ದಕ್ಕೆಯಲ್ಲಿರಬೇಕು. ಶೂ ಬೇಡವೇ ಬೇಡ, ತೊಳೆಯಲು ಬರುವ ಚಪ್ಪಲಿ ಹಾಕಿ. ನೆಲವೆಲ್ಲಾ ಮೀನಿನ ನೀರು, ಕರಗಿದ ಐಸು. ಡಿಕ್ಕಿಯಲ್ಲಿ ಎರಡು ಬಾಟಲಿ ನೀರು, ಒಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ವಾಪಸ್ ಕಾರು ಹತ್ತುವಾಗ ಕಾಲು ತೊಳೆದು, ಚಪ್ಪಲಿಯನ್ನು ಕವರಿಗೆ ಹಾಕಿದರೆ ಡ್ರೈವರಿಗೆ ನಿಮ್ಮ ಮೇಲೆ ಪ್ರೀತಿ ಹುಟ್ಟುತ್ತದೆ. ಆ ಕಾರಿನಲ್ಲಿ ಮಧ್ಯಾಹ್ನ ಇನ್ನೊಬ್ಬರು ಕೂರಬೇಕಲ್ವಾ.

ಬೋಟಿನಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತದೆ. ಹೊತ್ತವರು ಓಡಿಕೊಂಡೇ ಬರುತ್ತಾರೆ, ಅವರ ದಾರಿಗೆ ಅಡ್ಡ ನಿಲ್ಲಬೇಡಿ. ಒಂದು ಕಡೆ ಐಸ್ ಪುಡಿ ಮಾಡುವ ಶಬ್ದ, ಇನ್ನೊಂದು ಕಡೆ ಏಲಂ ಕೂಗುವವರ ಗಂಟಲು. ಮೀನಿನ ರಾಶಿಯ ಸುತ್ತ ಹೆಂಗಸರು ನಿಂತಿರುತ್ತಾರೆ, ಬೆಲೆ ಕೂಗುವುದು ನಿಮಗೆ ಕೇಳಿಸುತ್ತದೆ, ಯಾರು ಯಾವಾಗ ಒಪ್ಪಿದರು ಅಂತ ಮಾತ್ರ ಕಾಣುವುದಿಲ್ಲ. ಒಂದು ಸಣ್ಣ ತಲೆಯಾಟ, ರಾಶಿ ಮಾರಾಟವಾಗಿರುತ್ತದೆ. ಇಲ್ಲಿ ನಿಮ್ಮ ಗೈಡ್ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಬೇಕು: ಇದು ಬೂತಾಯಿ, ಇದು ಬಂಗುಡೆ, ಅಲ್ಲಿ ಉದ್ದಕ್ಕೆ ಮಲಗಿರುವುದು ಅಂಜಲ್, ಚಪ್ಪಟೆ ಇರುವುದು ಮಾಂಜಿ. ಫೋಟೊ ತೆಗೆಯುವ ಮೊದಲು ಕೇಳಿ. ಅವರು ಕೆಲಸದಲ್ಲಿದ್ದಾರೆ, ಪ್ರದರ್ಶನಕ್ಕೆ ನಿಂತಿಲ್ಲ. "ಒಂದು ಫೋಟೊ ತೆಗೀಲಾ ಅಕ್ಕ?" ಅಂದರೆ ಹೆಚ್ಚಿನವರು ನಗುತ್ತಲೇ ಒಪ್ಪುತ್ತಾರೆ. ಬೇಡ ಅಂದರೆ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ, ಮೀನು ಮೊಟ್ಟೆ ಇಡುವ ಕಾಲ. ಆಗ ಈ ಗದ್ದಲ ಸಿಗುವುದಿಲ್ಲ, ಬೋಟುಗಳೆಲ್ಲಾ ಸಾಲಾಗಿ ಕಟ್ಟಿ ನಿಂತಿರುತ್ತವೆ. ನನಗೆ ಆ ನೋಟವೂ ಇಷ್ಟ, ಆದರೆ ಮೊದಲ ಸಲ ಬರುವವರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ದಕ್ಕೆಯಿಂದ ಹಳೇ ಬಂದರಿನ ಕಡೆ ನಿಧಾನ ಹೋಗಿ. ಹಂಚಿನ ಮಾಡಿನ ಗೋದಾಮುಗಳು, ಒಣಮೆಣಸು, ಕೊಬ್ಬರಿ, ಒಣಮೀನಿನ ವಾಸನೆ. ಇಲ್ಲಿಂದಲೇ ಲಕ್ಷದ್ವೀಪಕ್ಕೆ ಸಾಮಾನು ಹೊತ್ತುಕೊಂಡು ಹೋಗುವ ಮರದ ಹಡಗುಗಳು ಹೊರಡುತ್ತವೆ. ಅವಕ್ಕೆ ಮಂಜಿ ಅನ್ನುತ್ತಾರೆ. ಮಾಂಜಿ ಮೀನು, ಮಂಜಿ ಹಡಗು, ಮಕ್ಕಳಿಗೆ ಇದನ್ನು ಹೇಳಿಕೊಡಿ, ಅವರು ಮರೆಯುವುದಿಲ್ಲ. ಅಳಿವೆ ಬಾಗಿಲಲ್ಲಿ ಮರಳು ತುಂಬಿಕೊಳ್ಳುವುದರಿಂದ ದೊಡ್ಡ ಹಡಗು ಇಲ್ಲಿಗೆ ಬರಲಾಗದು. ಅದಕ್ಕೇ ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಿದ್ದು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದರು. ಇದೇ ಓಣಿಗಳಲ್ಲಿ ಜೀನತ್ ಬಕ್ಷ್ ಮಸೀದಿ ಇದೆ. ಅರಬ್ ವ್ಯಾಪಾರಿಗಳ ಕಾಲದ್ದು ಅಂತ ಪ್ರತೀತಿ. ಒಳಗಿನ ಮರದ ಕೆತ್ತನೆ ಚೆನ್ನಾಗಿದೆ, ನಮಾಜಿನ ಹೊತ್ತು ಬಿಟ್ಟು, ಹೊರಗೆ ಕೇಳಿಕೊಂಡು ಹೋಗಿ.

ತಿಂಡಿಗೆ ಏಳೂವರೆ ಸರಿಯಾದ ಸಮಯ. ಬನ್ಸ್ ಹೇಳಿ. ಬೇಕರಿ ಬನ್ ಅಲ್ಲ, ಮೈದಾಕ್ಕೆ ಬಾಳೆಹಣ್ಣು ಕಲಸಿ ರಾತ್ರಿಯಿಡೀ ಬಿಟ್ಟು ಎಣ್ಣೆಯಲ್ಲಿ ಕರಿದದ್ದು, ಬಿಸಿ ಇರುವಾಗ ಉಬ್ಬಿರುತ್ತದೆ. ಡ್ರೈವರನ್ನೂ ಜೊತೆಗೇ ಕೂರಿಸಿಕೊಂಡು ತಿನ್ನಿ. ಒಳ್ಳೆಯ ಕಥೆಗಳೆಲ್ಲಾ ಬರುವುದು ಈ ಟೇಬಲ್ಲಿನಲ್ಲೇ.

ಆಮೇಲೆ ಕದ್ರಿ. ಮಂಜುನಾಥನ ದರ್ಶನಕ್ಕೆ ಎಲ್ಲರೂ ಹೋಗುತ್ತಾರೆ, ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ನಿಲ್ಲುವವರು ಕಡಿಮೆ. ದಯವಿಟ್ಟು ನಿಲ್ಲಿ. ಮೂರು ಮುಖ, ಆರು ಕೈ. ಪೀಠದ ಮೇಲಿನ ಶಾಸನದ ಪ್ರಕಾರ ಆಳುಪ ರಾಜ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಲೋಕೇಶ್ವರ ಅನ್ನುವುದು ಬೌದ್ಧರ ಬೋಧಿಸತ್ವನ ಹೆಸರೂ ಹೌದು, ಹಾಗಾಗಿ ಇಲ್ಲಿ ಬೌದ್ಧ ವಿಹಾರ ಇತ್ತು ಅನ್ನುವ ವಿದ್ವಾಂಸರಿದ್ದಾರೆ. ಸಾವಿರ ವರ್ಷ ದಾಟಿದ ಆ ಕಂಚಿನ ಮುಖದ ಶಾಂತಿ ನೋಡಿದರೆ ಮಾತು ನಿಂತುಹೋಗುತ್ತದೆ. ಮೇಲೆ ಕೆರೆಗಳಿವೆ, ಇನ್ನೂ ಮೇಲೆ ನಾಥಪಂಥದ ಜೋಗಿ ಮಠ. ಮೆಟ್ಟಿಲು ಹತ್ತಲಾಗದವರನ್ನು ಕಾರಿನಲ್ಲೇ ಮೇಲಕ್ಕೆ ಬಿಡಲು ಡ್ರೈವರಿಗೆ ಹೇಳಿ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಕ್ರಮ ಇದೆ, ಸುಲಭವಾಗಿ ಬಿಚ್ಚುವ ಬಟ್ಟೆ ಹಾಕಿಕೊಳ್ಳಿ.

ಅಲ್ಲಿಂದ ಬಾವುಟಗುಡ್ಡೆಗೆ ಹತ್ತು ನಿಮಿಷ, ಟ್ರಾಫಿಕ್ ಇದ್ದರೆ ಇಪ್ಪತ್ತು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಅಂತೋನಿಯೊ ಮೊಸ್ಕೇನಿ ಅನ್ನುವ ಇಟಲಿಯ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಇಲ್ಲಿ ಚಿತ್ರ ಬಿಡಿಸಿದರು. ಗೋಡೆಯ ಮೇಲಿನವು ಹಸಿ ಗಾರೆಯ ಮೇಲೆ ಬರೆದವು, ಚಾವಣಿಯವು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಒಳಗೆ ಹೋದ ತಕ್ಷಣ ಗೈಡ್ ಮಾತು ಶುರು ಮಾಡಿದರೆ ಐದು ನಿಮಿಷ ಸುಮ್ನೆ ಇರಲು ಹೇಳಿ. ಬೆಂಚಿನ ಮೇಲೆ ಕೂತು ತಲೆ ಎತ್ತಿ ನೋಡಿ, ಕಣ್ಣು ಒಗ್ಗಲಿ. ಆಮೇಲೆ ಕಥೆ ಕೇಳಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಆ ದಿನ ಇಟ್ಟುಕೊಳ್ಳಬೇಡಿ. ಕೇಳದೆ ಕ್ಯಾಮೆರಾ ತೆಗೆಯಬೇಡಿ.

ಪಕ್ಕದ ಬಲ್ಮಠ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಹಳೇ ಜಾಗ, ಅದನ್ನು ಕನ್ನಡದವರು ಬಿಡಲೇಬಾರದು ಅಂತ ನನ್ನ ಹಠ. ಆ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದ್ದು ಈ ಊರಿನಿಂದ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಬಂದದ್ದು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ ಆಗಿರುವುದು ಅದಕ್ಕೇ. 1894ರ ಕಿಟೆಲ್ ನಿಘಂಟೂ ಅಚ್ಚಾಗಿದ್ದು ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ. ನೋಡಲು ದೊಡ್ಡದೇನೂ ಇಲ್ಲ, ಮರಗಳು, ಹಳೇ ಕಟ್ಟಡಗಳು. ಇದೇ ಮಿಶನ್ನಿನವರು 1865ರಲ್ಲಿ ನೇತ್ರಾವತಿ ದಂಡೆಯ ಜೇಡಿಯಿಂದ ಹಂಚಿನ ಕಾರ್ಖಾನೆ ಶುರು ಮಾಡಿದರು. ನಿಮ್ಮ ಅಜ್ಜಿ ಮನೆಯ ಮಾಡಿನ ಮಂಗಳೂರು ಹಂಚಿನ ಕಥೆ ಅಲ್ಲಿಂದ ಶುರು.

ಕೊನೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಸಣ್ಣ ಕಟ್ಟಡ, ಕಪ್ಪುಕಲ್ಲಿನದು, ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಹೊರಗಿನಿಂದ ನೋಡಿ "ಇಷ್ಟೇನಾ" ಅನ್ನಬೇಡಿ. ಮೆಟ್ಟಿಲು ಹತ್ತಿ, ಗೋಡೆಯಲ್ಲಿರುವ ತೂತಿಗೆ ಕಣ್ಣಿಟ್ಟು ನೋಡಿ. ಫಲ್ಗುಣಿ ನದಿ ನೇರ ಕಾಣುತ್ತದೆ. ಸಮುದ್ರದಿಂದ ನದಿಗೆ ನುಗ್ಗುವ ಹಡಗು ಈ ತೂತನ್ನು ದಾಟಿಯೇ ಹೋಗಬೇಕಿತ್ತು. ಬೆಳಿಗ್ಗೆ ದಕ್ಕೆಯಲ್ಲಿ ನೋಡಿದ ಬೋಟುಗಳ ನೀರೂ ಇದೇ. ಆಚೆ ದಡ ತಣ್ಣೀರುಬಾವಿ, ದೋಣಿ ಇದ್ದರೆ ಐದು ನಿಮಿಷ, ಕಾರಿನಲ್ಲಾದರೆ ಕೂಳೂರು ಸೇತುವೆ ಸುತ್ತಿ ಬರಬೇಕು. ಆ ಸೇತುವೆಯಲ್ಲಿ ಬೈಕಂಪಾಡಿ ಕಡೆಯ ಲಾರಿಗಳದ್ದೇ ಸಾಲು, ಟ್ರಾಫಿಕ್ ನೋಡಿಕೊಂಡು ನಿರ್ಧಾರ ಮಾಡಿ.

ಪಣಂಬೂರು ಬೀಚನ್ನು ಈ ಸುತ್ತಿನಲ್ಲಿ ಸೇರಿಸಬೇಡಿ. ಮಧ್ಯಾಹ್ನದ ಬಿಸಿಲಿಗೆ ಮರಳು ಕಾಲು ಸುಡುತ್ತದೆ. ಸಂಜೆ ರೈಲಿಗೆ ಮೊದಲು ಸಮಯ ಸಿಕ್ಕರೆ ಹೋಗಿ, ದೂರದಲ್ಲಿ ಲಂಗರು ಹಾಕಿ ಕಾಯುತ್ತಿರುವ ಹಡಗುಗಳು ಕಾಣುತ್ತವೆ. ಬಂದರಿನ ಒಳಗೆ ಪಾಸಿಲ್ಲದೆ ಬಿಡುವುದಿಲ್ಲ, ಗೇಟಿನ ಹತ್ತಿರ ಹೋಗಿ ಡ್ರೈವರನ್ನು ಒತ್ತಾಯ ಮಾಡಬೇಡಿ.

ಡ್ರೈವರ್ ನಿಮ್ಮನ್ನು ಊಟಕ್ಕೆ ಇಳಿಸುವಾಗಲೇ ಲೆಕ್ಕ ಮುಗಿಸಿ. ಮೀನು ತಿನ್ನುವವರಾದರೆ ಬಂಗುಡೆ ಪುಳಿಮುಂಚಿ ಜೊತೆ ಕುಚ್ಚಲಕ್ಕಿ ಅನ್ನ, ತಿನ್ನದವರಿಗೆ ನೀರುದೋಸೆ ಎಲ್ಲೆಡೆ ಸಿಗುತ್ತದೆ. ಡ್ರೈವರ್ ಮನಸ್ಸಿಟ್ಟು ತೋರಿಸಿದ್ದರೆ ಸ್ವಲ್ಪ ಜಾಸ್ತಿ ಕೊಡಿ, ನಂಬರ್ ಉಳಿಸಿಕೊಂಡು ಬೇರೆಯವರಿಗೂ ಹೇಳಿ. ಮತ್ತೆ ಸ್ಟೇಷನ್ನಿಗೆ ಬಿಡಲು ಹೇಳುವಾಗ ಟಿಕೆಟ್ ತೆಗೆದು ಹೆಸರು ಓದಿಯೇ ಹೇಳಿ. ಮಂಗಳೂರು ಸೆಂಟ್ರಲ್ ಬೇರೆ, ಮಂಗಳೂರು ಜಂಕ್ಷನ್ ಬೇರೆ, ಒಂದರ ಪ್ಲಾಟ್‌ಫಾರ್ಮಿನಲ್ಲಿ ನಿಂತು ಇನ್ನೊಂದರ ರೈಲಿಗೆ ಕಾದವರನ್ನು ನಾನೇ ಬೇಕಾದಷ್ಟು ನೋಡಿದ್ದೇನೆ.